ನಿರ್ಗಮನದ ಮನೆ: ಕೋಲ್ಕತ್ತದ ನೇತಾಜಿ ಭವನ

ಸ್ಮಾರಕವಾದ ಮನೆಗಳಲ್ಲಿ ಹೆಚ್ಚಿನವು ಮಹನೀಯರು ಹುಟ್ಟಿದ ಕೋಣೆಯನ್ನೋ ಕೊನೆಯುಸಿರೆಳೆದ ಮಂಚವನ್ನೋ ಕಾಪಾಡಿಕೊಂಡಿರುತ್ತವೆ. ಸುಭಾಷಚಂದ್ರ ಬೋಸರು 1897ರಲ್ಲಿ ಹುಟ್ಟಿದ ಕಟಕ್‌ನ ಮನೆ ಅಂಥದು. ಕೋಲ್ಕತ್ತದ ಎಲ್ಗಿನ್ ರಸ್ತೆಯ ನೇತಾಜಿ ಭವನ ಮಾತ್ರ ಒಂದು ರಾತ್ರಿಯ ನಿರ್ಗಮನವನ್ನು ನೆನಪಿನಲ್ಲಿಟ್ಟುಕೊಂಡಿದೆ. ಆ ನಿರ್ಗಮನ ವೀರನೊಬ್ಬನ ಸಾಹಸವಾಗಿದ್ದಷ್ಟೇ ಕೂಡುಕುಟುಂಬವೊಂದರ ಕೆಲಸವೂ ಆಗಿತ್ತು ಎಂಬುದು ಈ ಲೇಖನದ ವಾದ.

ತಂದೆ ಜಾನಕೀನಾಥ ಬೋಸರು 1909ರಲ್ಲಿ ಕಟ್ಟಿಸಿದ ಮನೆ ಇದು. ಸೆರೆಮನೆಯಲ್ಲಿ ಉಪವಾಸ ಹೂಡಿ ಬಳಲಿದ್ದ ಸುಭಾಷರು 1940ರ ಡಿಸೆಂಬರ್ 5ರಂದು ಬಿಡುಗಡೆಯಾಗಿ ಇಲ್ಲಿಗೆ ಬಂದರು. ಹೊರಗೆ ಪೊಲೀಸರ ಕಾವಲು. ಏಕಾಂತವ್ರತ ಹಿಡಿದಿರುವುದಾಗಿ ತಿಳಿಸಿ ಕೋಣೆಗೆ ಪರದೆ ಕಟ್ಟಿಸಿದರು. 1941ರ ಜನವರಿ 16ರ ನಡುರಾತ್ರಿ ಕಳೆದ ಮೇಲೆ, ಮಹಮ್ಮದ್ ಜಿಯಾವುದ್ದೀನ್ ಎಂಬ ವಿಮಾ ಪ್ರತಿನಿಧಿಯ ವೇಷದಲ್ಲಿ ಮೆಟ್ಟಿಲಿಳಿದರು. ಅಣ್ಣ ಶರಚ್ಚಂದ್ರರ ಮಗ ಶಿಶಿರ್ ಕುಮಾರ್ ವಾಂಡರರ್ ಕಾರು ನಡೆಸಿದರು. ಧನಬಾದ್ ಬಳಿ ಒಂದು ಹಗಲು ಕಳೆದು, ಸುಭಾಷರು ಗೋಮೋ ನಿಲ್ದಾಣದಲ್ಲಿ ರೈಲು ಹತ್ತಿದರು.

ಚರಿತ್ರಕಾರರ ಗಮನವೂ ಸಾಮಾನ್ಯವಾಗಿ ಅದೇ ರೈಲು ಹತ್ತಿ ಪೇಶಾವರ, ಕಾಬೂಲ್, ಬರ್ಲಿನ್ ಕಡೆಗೆ ಹೊರಟುಬಿಡುತ್ತದೆ. ನನ್ನ ದೃಷ್ಟಿಯಲ್ಲಿ, ಆಮೇಲಿನ ದಿನಗಳಲ್ಲಿ ಈ ಮನೆಯೊಳಗೆ ನಡೆದದ್ದೂ ಅಷ್ಟೇ ನಿರ್ಣಾಯಕ. ಚಿಕ್ಕಪ್ಪ ಹೊರಟ ಮೇಲೂ ಕೋಣೆಯ ದೀಪ ಒಂದು ಗಂಟೆ ಉರಿಯುವಂತೆ ಅಣ್ಣನ ಮಗಳು ಇಲಾ ನೋಡಿಕೊಂಡರು. ಪರದೆಯ ಬಳಿ ತಂದಿಡುತ್ತಿದ್ದ ಊಟವನ್ನು ಮನೆಯ ಎಳೆಯರೇ ಉಂಡು, ಒಳಗಿರುವವರು ಉಂಡರೆಂಬ ನಂಬಿಕೆ ಹುಟ್ಟಿಸಿದರು. ಜನವರಿ 27ರಂದು ಸುಭಾಷರ ಮೇಲಿದ್ದ ಮೊಕದ್ದಮೆಯ ವಿಚಾರಣೆಯಿತ್ತು. ಕೋಣೆ ಬರಿದಾಗಿದೆಯೆಂಬ ಸುದ್ದಿ ಹೊರಬಿದ್ದದ್ದು 26ಕ್ಕೆ. ಹತ್ತು ದಿನಗಳ ಆ ಮುನ್ನಡೆ ದಕ್ಕಿದ್ದು ಊಟದ ತಟ್ಟೆಯಿಂದ, ಉರಿಯುವ ದೀಪದಿಂದ, ಬಾಯಿಬಿಡದ ಹುಡುಗ ಹುಡುಗಿಯರಿಂದ.

ಮುಂದೆ ಶಿಶಿರ್ ಕುಮಾರರೇ 1957ರಲ್ಲಿ ಇಲ್ಲಿ ನೇತಾಜಿ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಘಟನೆಯಲ್ಲಿ ಪಾಲ್ಗೊಂಡವರೇ ಅದರ ದಾಖಲೆಯನ್ನೂ ಕಾಯುವುದು ಅಪರೂಪ. ಸಂಶೋಧಕನಿಗೆ ಅದು ಭಾಗ್ಯ, ಎಚ್ಚರಿಕೆಯೂ ಹೌದು. ಕಾರು ಇಂದಿಗೂ ಅಲ್ಲೇ ಇದೆ. 2017ರಲ್ಲಿ ಅದನ್ನು ದುರಸ್ತಿಮಾಡಲಾಯಿತು. ಮಲಗುವ ಕೋಣೆಯಿಂದ ಮೆಟ್ಟಿಲಿನತ್ತ ನೆಲದ ಮೇಲೆ ಹೆಜ್ಜೆಗುರುತುಗಳನ್ನು ಮೂಡಿಸಿದ್ದಾರೆ. ಇವು ಪುರಾವೆಯಲ್ಲ, ನಂತರದವರ ವ್ಯಾಖ್ಯಾನ. ಮನಸ್ಸು ಕಲಕುವಂಥ ವ್ಯಾಖ್ಯಾನವೆಂದು ಒಪ್ಪುತ್ತೇನೆ, ಆದರೆ ನೋಡುವವರ ಕಣ್ಣನ್ನು ಒಬ್ಬರ ಪಾದಗಳಿಗೇ ಕಟ್ಟಿಹಾಕುತ್ತದೆ.

ಅಲ್ಲಿಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ: ಹೆಜ್ಜೆಗಳ ಹಿಂದೆ ಹೊರಡುವ ಮುನ್ನ ಆ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹೊರಟುಹೋದವರ ಗುಟ್ಟನ್ನು ಉಳಿದವರು ಕಾಯ್ದದ್ದು ಅಲ್ಲೇ.