ಪದವಿನ ಮುಳಿಹುಲ್ಲು ಮತ್ತು ಪರದೇಶದ ಪೊದೆ

ಮುಳಿಹುಲ್ಲು ಎಂದರೆ ಏನೆಂದು ಇಂದಿನ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ನಾನರಿಯೆ. ಮಂಗಳೂರಿನ ಸುತ್ತಲಿನ ಪದವುಗಳಲ್ಲಿ, ಅಂದರೆ ಮುರಕಲ್ಲಿನ ಸಮತಟ್ಟಾದ ಗುಡ್ಡಗಳ ಮೇಲೆ, ಮಳೆಗಾಲಕ್ಕೆ ಚಿಗುರಿ ಮಳೆ ಮುಗಿದ ಮೇಲೆ ಒಣಗಿ ನಿಲ್ಲುತ್ತಿದ್ದ ಹುಲ್ಲು ಅದು. ಹಂಚು ಹಾಕಿಸಲು ಗತಿಯಿಲ್ಲದವರ ಮನೆಗೆ ಅದೇ ಮಾಡು. ನಾನು ಚಿಕ್ಕವನಿದ್ದಾಗ ಉಮ್ಮ ನೆರೆಮನೆಯ ಹೆಂಗಸರ ಜೊತೆ ಕತ್ತಿ, ಹಗ್ಗ ಹಿಡಿದು ಪದವಿಗೆ ಹೋಗುತ್ತಿದ್ದರು. ಅವರು ಹುಲ್ಲು ಕೊಯ್ಯುವಾಗ ಮಕ್ಕಳಾದ ನಾವು ಆಡಿಕೊಂಡಿರುತ್ತಿದ್ದೆವು. ಬೇಸಗೆಯಲ್ಲಿ ಅದೇ ಪದವಿನಲ್ಲಿ ಕೇಪಳ, ಕುಂಟಲ, ಕರಂಡೆ ಹುಡುಕಿ ತಿಂದು ನಾಲಗೆ ಬಣ್ಣ ಮಾಡಿಕೊಂಡು ಮನೆಗೆ ಬರುತ್ತಿದ್ದೆವು.

ಇತ್ತೀಚೆಗೆ ಅದೇ ಪದವಿಗೆ ಹೋಗಿದ್ದೆ. ಅರ್ಧ ಭಾಗ ಅಕೇಶಿಯಾ ತೋಪು. ಅದರ ಅಂಚಿಗೆ ಲಂಟಾನಾದ ಮುಳ್ಳುಪೊದೆ. ಉಳಿದ ಕಡೆಯೆಲ್ಲ ನಮ್ಮವರು ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಕಳೆ. (ಬಯಲುಸೀಮೆಯವರು ಪಾರ್ಥೇನಿಯಂ ಕಳೆಯನ್ನು ಕಾಂಗ್ರೆಸ್ ಗಿಡ ಎನ್ನುತ್ತಾರೆ. ಕಳೆಗೆ ಹೆಸರಿಡುವಾಗ ನಮ್ಮ ಜನ ಯಾವ ಪಕ್ಷಕ್ಕೂ ರಿಯಾಯಿತಿ ಕೊಟ್ಟಿಲ್ಲ!) ಅಕೇಶಿಯಾದ ತವರು ಆಸ್ಟ್ರೇಲಿಯಾ ಮತ್ತು ನ್ಯೂಗಿನಿ, ಉಳಿದೆರಡರದು ಅಮೆರಿಕದ ಉಷ್ಣವಲಯ. ಸಾವಿರಾರು ಮೈಲು ದೂರದ ಈ ಮೂರು ಗಿಡಗಳು ನಮ್ಮೂರ ಒಂದೇ ಗುಡ್ಡದಲ್ಲಿ ಒಟ್ಟು ಸೇರಿದ್ದು ಹೇಗೆ? ಇದು ಸಸ್ಯಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಉತ್ತರ ಇರುವುದು ಚರಿತ್ರೆಯಲ್ಲಿ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೊರಗಿನಿಂದ ಬಂದದ್ದೆಲ್ಲ ಕೇಡು ಎಂಬ ವಾದ ನನ್ನದಲ್ಲ. ಹಾಗೆ ವಾದಿಸಿದರೆ ನಮ್ಮ ಅಡುಗೆಮನೆಯೇ ಬರಿದಾದೀತು. ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿ ಇವೆಲ್ಲ ಅಮೆರಿಕ ಖಂಡದವು. ಪೋರ್ಚುಗೀಸರ ಕಾಲದಲ್ಲಿ ಈ ಕರಾವಳಿಗೆ ಬಂದವು. ಕಾಫಿಯ ಏಳು ಬೀಜಗಳನ್ನು ಯೆಮೆನ್‌ನಿಂದ ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದವರು ಬಾಬಾ ಬುಡನ್ ಎಂಬ ಸೂಫಿ ಸಂತರೆಂಬುದು ಎಲ್ಲರೂ ಬಲ್ಲ ಪ್ರತೀತಿ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿಗೆ ಟಿಪ್ಪು ಸುಲ್ತಾನ್ ದೇಶವಿದೇಶಗಳಿಂದ ಬೀಜ, ಸಸಿಗಳನ್ನು ತರಿಸಿದ್ದರು. ನೀಲಗಿರಿ ಮರವನ್ನು ಭಾರತದಲ್ಲಿ ಮೊದಲು ನೆಡಿಸಿದ್ದು ಟಿಪ್ಪುವೇ, 1790ರ ಸುಮಾರಿಗೆ ನಂದಿ ಬೆಟ್ಟದಲ್ಲಿ, ಎಂದು ಅರಣ್ಯಶಾಸ್ತ್ರದ ಗ್ರಂಥಗಳು ಬರೆಯುತ್ತವೆ. ಆದ್ದರಿಂದ ಬೀಜ ಯಾರ ಕೈಯಿಂದ ಬಿತ್ತು ಎನ್ನುವುದಕ್ಕಿಂತ, ಬಿದ್ದ ನೆಲದ ಒಡೆತನ ಯಾರಲ್ಲಿತ್ತು ಎಂದು ಕೇಳುವುದು ಮುಖ್ಯ. ಬೆಟ್ಟದ ಮರದ ನೆರಳಿನಲ್ಲಿ ಹಿತ್ತಲ ಬೆಳೆಯಾಗಿ ಇದ್ದ ಕಾಫಿ ಕಾಡಿಗೆ ಕೇಡಾಗಲಿಲ್ಲ. ಅದೇ ಕಾಫಿ ಕಂಪೆನಿ ಸರಕಾರದ ಕಾಲದಲ್ಲಿ ಸಾವಿರಾರು ಎಕರೆಯ ಎಸ್ಟೇಟ್ ಆದಾಗ ಕಥೆಯೇ ಬೇರೆಯಾಯಿತು.

ಮಂಗಳೂರಿಗೆ ಪರದೇಶ ಹೊಸದಲ್ಲ. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತಾ ಈ ಊರನ್ನು ಮಂಜರೂರ್ ಎಂದು ಕರೆದು, ಫಾರ್ಸ್ ಮತ್ತು ಯೆಮೆನ್ ದೇಶಗಳ ವರ್ತಕರು ಇಳಿಯುವ ಬಂದರೆಂದೂ ಇಲ್ಲಿ ಕರಿಮೆಣಸು, ಶುಂಠಿ ಹೇರಳವೆಂದೂ ಬರೆದಿದ್ದಾರೆ. ಆ ವರ್ತಕರು ಮೆಣಸು ಕೊಂಡರು, ಕುದುರೆ ಮಾರಿದರು, ಕೆಲವರು ಇಲ್ಲೇ ನೆಲೆಸಿದರು. ಗುಡ್ಡದ ಹುಲ್ಲನ್ನು ಯಾರು ಕೊಯ್ಯಬೇಕೆಂದು ಅವರು ನಿರ್ಧರಿಸಲಿಲ್ಲ. ಪೋರ್ಚುಗೀಸರು ಸಮುದ್ರದ ಮೇಲೆ ಪರವಾನಿಗೆಯ ದಬ್ಬಾಳಿಕೆ ನಡೆಸಿ, ಮಂಗಳೂರು, ಉಳ್ಳಾಲಗಳ ಮೇಲೆ ದಾಳಿ ಮಾಡಿ ಈ ಕರಾವಳಿಯ ಮುಸ್ಲಿಂ ವರ್ತಕರ ಬೆನ್ನೆಲುಬು ಮುರಿದರು. ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮರ 'ತುಹ್ಫತುಲ್ ಮುಜಾಹಿದೀನ್' ಗ್ರಂಥ ಆ ಕಾಲದ ಸಂಕಟವನ್ನು ದಾಖಲಿಸಿದೆ. ಆದರೂ ಪೋರ್ಚುಗೀಸರ ಹಿಡಿತ ಬಂದರು ಮತ್ತು ಕೋಟೆ ದಾಟಿ ಘಟ್ಟದ ತಪ್ಪಲಿಗೆ ಹೋಗಲಿಲ್ಲ. ಅಲ್ಲಿಗೆ ಹೋದವರು ಇಂಗ್ಲಿಷರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾಯಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಯುರೋಪಿನವರು ಮೂಲನಿವಾಸಿಗಳನ್ನು ತಳ್ಳಿ ತಾವೇ ಲಕ್ಷಗಟ್ಟಲೆ ಬಂದು ಕುಳಿತರು. ಅವರೊಡನೆ ಅವರ ಕುರಿ, ಹಂದಿ, ಸಿಡುಬು, ಹುಲ್ಲಿನ ಬೀಜ ಎಲ್ಲವೂ ಹೋದವು. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಒಬ್ಬ ಜಮೀನುದಾರ ಬೇಟೆಯ ಮೋಜಿಗೆಂದು ಬಿಟ್ಟ ಎರಡು ಡಜನ್ ಮೊಲಗಳ ಸಂತಾನ ಆ ಖಂಡದ ಹುಲ್ಲುಗಾವಲನ್ನೇ ಬೋಳಿಸಿತು. ನಮ್ಮಲ್ಲಿ ಇಂಗ್ಲಿಷರು ಆ ಪ್ರಮಾಣದಲ್ಲಿ ಬಂದು ನೆಲೆಸಲಿಲ್ಲ. ಇಲ್ಲಿ ನೆಲೆಸಿದ್ದು ಅವರ ಬಂದೋಬಸ್ತು: ಅಳತೆ, ಕಂದಾಯ, ಮೀಸಲು ಅರಣ್ಯ. ಈ ವ್ಯತ್ಯಾಸ ವಿದ್ಯಾರ್ಥಿಗಳ ಗಮನದಲ್ಲಿರಬೇಕು.

ಆ ಬಂದೋಬಸ್ತಿನ ಮೊದಲ ಹೊಡೆತ ಬಿದ್ದದ್ದು ಕುಮರಿ ಬೇಸಾಯದವರ ಮೇಲೆ. ಗುಡ್ಡದ ಒಂದು ತುಂಡು ಕಾಡನ್ನು ಕಡಿದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ರಾಗಿ, ಭತ್ತ ಬಿತ್ತಿ, ಒಂದೆರಡು ಬೆಳೆ ತೆಗೆದು, ಮತ್ತೆ ಹತ್ತಾರು ವರ್ಷ ಆ ನೆಲವನ್ನು ಕಾಡಿಗೇ ಬಿಟ್ಟುಬಿಡುವ ಪದ್ಧತಿ ಇದು. ಕುಡುಬಿ ಮತ್ತು ಮಲೆಕುಡಿಯ ಸಮುದಾಯಗಳಿಗೆ ಇದೇ ಜೀವನ. 1801ರಲ್ಲಿ ಕೆನರಾದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದನ್ನು ವರ್ಣಿಸಿದ್ದಾನೆ. 1856ರಲ್ಲಿ ಮದ್ರಾಸ್ ಪ್ರಾಂತದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಕುಮರಿಯಿಂದ ಬೆಲೆಬಾಳುವ ಮರ ಹಾಳಾಗುತ್ತದೆಂದು ವಾದಿಸಿದ. 1860ರಲ್ಲಿ ಸರಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದೆ ಕುಮರಿ ಮಾಡುವುದನ್ನು ನಿಷೇಧಿಸಲಾಯಿತು. ಕುಮರಿಯಿಂದ ಹಾನಿಯೇ ಇರಲಿಲ್ಲವೆಂದು ನಾನು ಹೇಳಲಾರೆ. ಜನ ಹೆಚ್ಚಿ ಕಾಡು ಕಡಿಮೆಯಾದಾಗ ಬಿಡುವಿನ ವರ್ಷಗಳೂ ಕಡಿಮೆಯಾಗುತ್ತವೆ. ಆದರೆ ಅದೇ ಕಾಲದಲ್ಲಿ ರೈಲು ಹಳಿಗಳ ಅಡಿಪಟ್ಟಿಗೂ ಹಡಗುಕಟ್ಟೆಗೂ ಸಾಗುವಾನಿ ಕಡಿಸುತ್ತಿದ್ದವರು ಕುಡುಬಿಯ ಕತ್ತಿಯನ್ನು ಮಾತ್ರ ಅಪರಾಧಿಯಾಗಿ ಕಂಡದ್ದು ನ್ಯಾಯವೇ? 1882ರ ಮದ್ರಾಸ್ ಅರಣ್ಯ ಕಾಯಿದೆಯ ನಂತರ ಮೀಸಲು ಅರಣ್ಯಗಳ ಗಡಿಕಲ್ಲುಗಳು ಬಂದವು. ಕಾಡಿನವನು ತನ್ನ ಕಾಡಿನಲ್ಲೇ ಕಳ್ಳನಾದ.

ಬಯಲಿನ ಕೃಷಿಕನಿಗೆ ಇಷ್ಟು ಕಷ್ಟವಾಗಲಿಲ್ಲ. ವರ್ಗ ಜಮೀನಿನ ಅಂಚಿನಿಂದ 100 ಗಜದವರೆಗಿನ ಸರಕಾರಿ ಗುಡ್ಡದಲ್ಲಿ ಸೊಪ್ಪು, ಹುಲ್ಲು, ಸೌದೆ ತೆಗೆಯುವ 'ಕುಮ್ಕಿ' ಸವಲತ್ತು ಅವನಿಗೆ ಉಳಿಯಿತು. ಜಮೀನಿಲ್ಲದವನಿಗೆ ಕುಮ್ಕಿಯೂ ಇಲ್ಲ. ಅವನ ಪಾಲಿಗಿದ್ದದ್ದು ಪದವು ಮಾತ್ರ. ಇತ್ತ ಮಂಗಳೂರು ನಗರದಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅದನ್ನು ನೋಡಿ ಇತರರೂ ತೆರೆದರು. ನೇತ್ರಾವತಿ, ಗುರುಪುರ ನದಿಗಳ ದಡದ ಆ ಭಟ್ಟಿಗಳಿಗೆ ದೋಣಿಗಳಲ್ಲಿ ಸೌದೆ ಬರುತ್ತಿತ್ತು. ಮಂಗಳೂರು ಹಂಚು ಲೋಕಪ್ರಸಿದ್ಧವಾಯಿತು, ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ಆ ಸೌದೆ ಯಾವ ಗುಡ್ಡದಿಂದ ಬಂತು, ಆ ಗುಡ್ಡ ಆಮೇಲೆ ಏನಾಯಿತು ಎಂಬುದನ್ನು ಹಂಚಿನ ಮೇಲೆ ಒತ್ತಿರುವುದಿಲ್ಲ.

ಈಗ ಲಂಟಾನಾದ ವಿಷಯಕ್ಕೆ ಬರೋಣ. ಕಂಪೆನಿ 1787ರಲ್ಲಿ ಕಲ್ಕತ್ತಾದಲ್ಲಿ ಸಸ್ಯೋದ್ಯಾನ ಸ್ಥಾಪಿಸಿತ್ತು. ಲಾಭದ ಗಿಡ ಯಾವುದೆಂದು ಪರೀಕ್ಷಿಸುವುದು ಅದರ ಕೆಲಸ. ಜೊತೆಗೆ ಅಂದದ ಗಿಡಗಳೂ ಬಂದವು. ಲಂಟಾನಾ 19ನೆಯ ಶತಮಾನದ ಆರಂಭದಲ್ಲಿ ಅಲ್ಲಿಗೆ ಹೂವಿನ ಗಿಡವಾಗಿ ಬಂತು. ಕಮ್ಯುನಿಸ್ಟ್ ಗಿಡವೂ ಅದೇ ಶತಮಾನದ ಮಧ್ಯಭಾಗದಲ್ಲಿ ಅದೇ ಬಾಗಿಲಿನಿಂದ ಒಳಬಂತು. ಲಂಟಾನಾದ ಹೂ ನೋಡಲು ಚಂದ, ಬೇಲಿಗೆ ಅನುಕೂಲ, ಜಾನುವಾರು ತಿನ್ನುವುದಿಲ್ಲ, ತಿಂದರೆ ವಿಷ. ಅದರ ಸಣ್ಣ ಕಪ್ಪು ಹಣ್ಣನ್ನು ಪಿಕಳಾರ ಹಕ್ಕಿಗಳು ತಿಂದು ಎಲ್ಲೆಡೆ ಬೀಜ ಹರಡಿದವು. ಆದರೆ ಬೀಜ ಬಿದ್ದಲ್ಲೆಲ್ಲ ಅದು ಬೆಳೆಯುವುದಿಲ್ಲ. ಒತ್ತಾದ ಕಾಡಿನ ಕತ್ತಲೆ ಅದಕ್ಕಾಗದು. ಬಿಸಿಲು ಬೀಳುವ, ಕಡಿದು ಬಿಟ್ಟ ನೆಲ ಬೇಕು. ಅಂಥ ನೆಲವನ್ನು ಸಿದ್ಧಮಾಡಿ ಕೊಟ್ಟವರು ಪ್ಲಾಂಟರುಗಳು.

ಕೊಡಗನ್ನೇ ನೋಡಿ. 1854ರಲ್ಲಿ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಆರಂಭವಾಯಿತು. ಹತ್ತು ಹದಿನೈದು ವರ್ಷಗಳಲ್ಲಿ ಬಿದಿರು ಕಾಡುಗಳನ್ನು ಸಾರಾಸಗಟು ಕಡಿದು, ನೆರಳಿಲ್ಲದೆ ಕಾಫಿ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಿತ್ತು. ಹಾನಿಯ ತನಿಖೆಗೆ ಡಾ. ಬಿಡಿ ಎಂಬ ಅಧಿಕಾರಿಯನ್ನು ನೇಮಿಸಬೇಕಾಯಿತು. ಅವನ ವರದಿ 1869ರಲ್ಲಿ ಬಂತು. ಅನಂತರ ಎಲೆ ರೋಗ. ನಷ್ಟವಾದ ತೋಟಗಳನ್ನು ಬಿಟ್ಟು ದೊರೆಗಳು ಬೇರೆಡೆ ಹೋದರು. ಬಿಟ್ಟುಹೋದ ತೋಟಗಳನ್ನು ಲಂಟಾನಾ ಆವರಿಸಿತು. ಮೊದಲು ಕಾಡು, ಆಮೇಲೆ ತೋಟ, ಕೊನೆಗೆ ಮುಳ್ಳು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವ ಇನ್ನೂ ಸ್ಪಷ್ಟ. ಬೇಸಗೆಯ ಆರಂಭದಲ್ಲಿ ಅವರು ಹಾಕುತ್ತಿದ್ದ ಕಡಿಮೆ ಉರಿಯ ಬೆಂಕಿಗೆ 'ತರಗು ಬೆಂಕಿ' ಎಂದು ಹೆಸರು. ಒಣ ಎಲೆ ಸುಟ್ಟು ಹುಲ್ಲು ಚಿಗುರುತ್ತಿತ್ತು, ದೊಡ್ಡ ಮರಕ್ಕೆ ಪೆಟ್ಟಾಗುತ್ತಿರಲಿಲ್ಲ. ಬೆಂಕಿಯನ್ನು ಅಪರಾಧವೆಂದು ಕಾಣುವ ಬ್ರಿಟಿಷ್ ಅರಣ್ಯ ನೀತಿಯನ್ನು ಸ್ವತಂತ್ರ ಭಾರತ ಹಾಗೇ ಮುಂದುವರಿಸಿತು. 1974ರಲ್ಲಿ ಅಲ್ಲಿ ವನ್ಯಧಾಮ ಘೋಷಣೆಯಾಯಿತು. ಬೇಸಾಯ ನಿಂತಿತು, ಬೆಂಕಿ ನಿಂತಿತು, ಲಂಟಾನಾ ಬೆಳೆಯಿತು. ಬೆಂಕಿ ನಿಂತದ್ದರಿಂದಲೇ ಲಂಟಾನಾ ಹೆಚ್ಚಿತೆಂಬುದು ಸೋಲಿಗ ಹಿರಿಯರ ವಾದ. ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ ಅವರಿಗೆ ಸಾಮುದಾಯಿಕ ಹಕ್ಕುಪತ್ರ ದೊರೆತದ್ದು 2011ರಲ್ಲಿ. ಅಷ್ಟರಲ್ಲಿ ಬೆಟ್ಟದ ತುಂಬ ಪೊದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ ದೇಶದ ಹುಲಿ ಕಾಡುಗಳಲ್ಲಿ ಶೇ. 40ಕ್ಕೂ ಹೆಚ್ಚು ಪ್ರದೇಶವನ್ನು, ಅಂದರೆ ಸುಮಾರು 1,54,000 ಚದರ ಕಿಲೋಮೀಟರ್ ನೆಲವನ್ನು ಲಂಟಾನಾ ಹಿಡಿದಿದೆ. ಜಿಂಕೆ, ಕಡವೆಗಳಿಗೆ ಮೇವಿಲ್ಲ. ಹುಲಿಗೆ ಜಿಂಕೆ ಬೇಕು. ಬಿದಿರು ಸಿಗದಾದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಈಗ ಲಂಟಾನಾ ಕಡ್ಡಿಯಿಂದಲೇ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಇದನ್ನು ಯಶೋಗಾಥೆಯೆಂದು ಕೆಲವರು ಬರೆಯುತ್ತಾರೆ. ನನಗೇನೋ ಅದನ್ನು ಓದಿ ಸಂತೋಷ ಪಡಲಾಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಬುಟ್ಟಿ ಹೆಣೆಯುವವರು ಕೊರಗರು. ಅವರಿಗೆ ಬೇಕಾದದ್ದು ಕಾಡಿನ ಬಳ್ಳಿ ಮತ್ತು ಬಿದಿರು. ಅಕೇಶಿಯಾ ತೋಪಿನಲ್ಲಿ, ರಬ್ಬರ್ ತೋಟದಲ್ಲಿ ಅಂಥ ಬಳ್ಳಿ ಎಲ್ಲಿಂದ ಬರಬೇಕು? ಬ್ರಿಟಿಷರು ಬರುವ ಮೊದಲು ಕೊರಗರ ಬಾಳು ಹಸನಾಗಿತ್ತೆಂದು ಯಾರೂ ತಿಳಿಯಬಾರದು. ಅವರನ್ನು ತುಳಿದವರು ನಮ್ಮವರೇ. ಅಮಾನವೀಯ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಲು 2000ನೇ ಇಸವಿಯೇ ಬೇಕಾಯಿತು. ತುಳಿದವರು ಅವರ ಘನತೆಯನ್ನು ಕಿತ್ತುಕೊಂಡಿದ್ದರು. ಬಳ್ಳಿಯ ಕಾಡು ಹೋದಾಗ ಕಸುಬೂ ಹೋಯಿತು. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರ ಸಂಖ್ಯೆ 15,000ಕ್ಕಿಂತಲೂ ಕಡಿಮೆ.

ರಬ್ಬರಿನ ಕಥೆ ಸ್ವಲ್ಪ ಹೇಳಬೇಕು, ಏಕೆಂದರೆ ಅದರಲ್ಲಿ ಗಿಡ ಮತ್ತು ಮನುಷ್ಯ ಇಬ್ಬರೂ ಒಂದೇ ಕೈಯಿಂದ ಸ್ಥಳಾಂತರಗೊಂಡಿದ್ದಾರೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ರಬ್ಬರ್ ಬೀಜವನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಅಲ್ಲಿಂದ ಸಸಿಗಳು ಸಿಲೋನಿಗೆ ಬಂದವು. ಸಿಲೋನಿನ ತೋಟಗಳಿಗೆ ಇಂಗ್ಲಿಷರು ತಮಿಳುನಾಡಿನ ಬಡ ಕೂಲಿಗಳನ್ನು ಒಯ್ದರು. ಸ್ವಾತಂತ್ರ್ಯಾನಂತರ ಅವರು ಅಲ್ಲಿ ಪರಕೀಯರೆನಿಸಿದರು. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಂತೆ ಮರಳಿ ಬಂದವರಲ್ಲಿ ಹಲವರಿಗೆ ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಡಲಾಯಿತು. ಕಾಡು ಕಡಿದ ನೆಲದಲ್ಲಿ ಬ್ರೆಜಿಲಿನ ಮರ. ಅದರ ಹಾಲು ತೆಗೆಯುವವರು ತಲೆಮಾರುಗಳ ಹಿಂದೆ ಊರು ಬಿಟ್ಟವರ ಮೊಮ್ಮಕ್ಕಳು. ಗಿಡಗಳ ಬಗ್ಗೆ ಆಡುವ 'ಪರದೇಶಿ' ಎಂಬ ಮಾತನ್ನು ಮನುಷ್ಯರ ಮೇಲೆ ಹೊರಿಸುವ ಚಾಳಿ ಇಂದು ಹೆಚ್ಚುತ್ತಿದೆ. ಅಂಥವರು ಒಮ್ಮೆ ಸುಳ್ಯದ ಆ ಲೈನ್ ಮನೆಗಳ ಮುಂದೆ ನಿಂತು ನೋಡಲಿ.

ಅಕೇಶಿಯಾ ಮಾತ್ರ ಇಂಗ್ಲಿಷರ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ವ್ಯಾಪಕವಾಗಿ ನೆಟ್ಟದ್ದು 1980ರ ದಶಕದಲ್ಲಿ, ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ, ನಮ್ಮದೇ ಸರಕಾರ. ಆದರೆ ದೃಷ್ಟಿ ಹಳೆಯದೇ. ಕಂದಾಯ ಇಲ್ಲದ ನೆಲವನ್ನು ಇಂಗ್ಲಿಷರು 'ಬಂಜರು' ಎಂದು ಬರೆದಿಟ್ಟಿದ್ದರು. ಮುಳಿಹುಲ್ಲು, ದನದ ಮೇವು, ಮಳೆಗಾಲದ ಸಣ್ಣ ಹೂಗಿಡಗಳು, ಟಿಟ್ಟಿಭ ಹಕ್ಕಿಯ ಮೊಟ್ಟೆ ಇವಾವುವೂ ಅವರ ದಫ್ತರದಲ್ಲಿ ಇರಲಿಲ್ಲ. ಬಂಜರೆಂದು ಬರೆದಿದ್ದ ನೆಲವನ್ನು ಹಸಿರು ಮಾಡಲು ಹೊರಟವರು ಪದವಿನಲ್ಲಿ ಏನಿತ್ತೆಂದು ಹುಲ್ಲು ಕೊಯ್ಯುವ ಹೆಂಗಸರನ್ನು ಕೇಳಲಿಲ್ಲ. ಅಕೇಶಿಯಾದ ಎಲೆಯನ್ನು ದನ ಮೂಸುವುದಿಲ್ಲ, ಅದು ಬೇಗ ಕೊಳೆಯುವುದೂ ಇಲ್ಲ. ಅಡಿಯಲ್ಲಿ ಹುಲ್ಲು ಏಳದು. ಧಾರವಾಡ ಕಡೆಯ ಜನ ಇದನ್ನು ಬೇಗ ಅರ್ಥಮಾಡಿಕೊಂಡರು. ಹಳ್ಳಿಗಳ ಗೋಮಾಳವನ್ನು ನೀಲಗಿರಿ ಬೆಳೆಯಲು ಪಲ್ಪ್‌ವುಡ್ ಕಂಪೆನಿಗೆ ಕೊಟ್ಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟರು. 1991ರಲ್ಲಿ ಆ ಕಂಪೆನಿಯನ್ನು ಮುಚ್ಚಲಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರಕಾರ ನಿಷೇಧಿಸಿದ್ದು 2017ರಲ್ಲಿ.

ನಮ್ಮ ಪದವಿನಲ್ಲಿ ಅಂಥ ಸತ್ಯಾಗ್ರಹ ಯಾವುದೂ ನಡೆಯಲಿಲ್ಲ. ಹುಲ್ಲು ಕೊಯ್ಯುತ್ತಿದ್ದವರ ಮಕ್ಕಳು ಗಲ್ಫಿಗೆ ಹೋದರು, ಮನೆಗೆ ಹಂಚು ಬಂತು, ಆಮೇಲೆ ತಾರಸಿ ಬಂತು. ಹುಲ್ಲು ಹೋದದ್ದು ಯಾರಿಗೂ ಕೂಡಲೇ ತಿಳಿಯಲಿಲ್ಲ. ನಾನು ಮೊನ್ನೆ ಹೋದಾಗ ಪದವಿನ ಪಶ್ಚಿಮದ ಅಂಚಿನಲ್ಲಿ, ಬರೀ ಮುರಕಲ್ಲು ಇರುವಲ್ಲಿ, ಅಕೇಶಿಯಾದ ಬೇರಿಗೂ ಎಡೆ ಸಿಗದ ಒಂದು ತುಂಡು ನೆಲ ಉಳಿದಿತ್ತು. ಅಲ್ಲಿ ಮುಳಿಹುಲ್ಲು ಮೊಣಕಾಲೆತ್ತರ ನಿಂತಿತ್ತು. ಎರಡು ಹಿಡಿ ಕಿತ್ತು ತಂದು ಉಮ್ಮನಿಗೆ ತೋರಿಸಿದೆ. ಅವರು ಮೂಸಿ ನೋಡಿ, ಇನ್ನೂ ಸ್ವಲ್ಪ ಬಲಿಯಬೇಕು, ಈಗ ಕೊಯ್ದರೆ ಮಾಡಿನಲ್ಲಿ ಒಂದು ಮಳೆಗಾಲ ಕೂಡ ನಿಲ್ಲದು ಎಂದರು.