‘ಬಂದಿದ್ದರೆ’ – ಒಂದು ವಾಕ್ಯವನ್ನು ಕಲಿಸಿದ ಚರಿತ್ರೆ

ನಮ್ಮ ಭಾಗದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವರಿಗೆಲ್ಲ ಒಂದು ಪ್ರಶ್ನೆ ಎದುರಾಗಿಯೇ ಇರುತ್ತದೆ. ‘ಇಫ್ ಹಿ ಕೇಮ್ ಟುಮಾರೋ’ ಎಂದು ಹಲಗೆಯ ಮೇಲೆ ಬರೆದೊಡನೆ ಯಾರಾದರೊಬ್ಬ ಹುಡುಗ ಎದ್ದು, “ಸರ್, ನಾಳೆ ಅಂದಮ್ಯಾಗ ‘ಕೇಮ್’ ಯಾಕ್ರೀ?” ಎನ್ನುತ್ತಾನೆ. ನಾಳೆಯ ಮಾತಿಗೆ ಭೂತಕಾಲವೇಕೆ? ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಗನ ಬಾಯಲ್ಲೇ ಇದೆ. ಆದರೆ ಕಲಿಸುವ ಪದ್ಧತಿಗಳು ಒಂದರ ಹಿಂದೆ ಒಂದು ಬಂದರೂ ಆ ಉತ್ತರದ ಕಡೆ ಅಷ್ಟಾಗಿ ನೋಡಲಿಲ್ಲ. ಈ ಲೇಖನದ ವಿಷಯ ಅದೇ.

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯೂ ಸುತ್ತಲಿನ ಊರುಗಳೂ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಇಂಗ್ಲಿಷ್ ಕಲಿಕೆಯೆಂದರೆ ವ್ಯಾಕರಣದ ಸೂತ್ರ ಮತ್ತು ಭಾಷಾಂತರ. ನೆಸ್‌ಫೀಲ್ಡ್‌ನ ವ್ಯಾಕರಣ, ಅದರ ನಂತರ 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ನರ ಪುಸ್ತಕ ಇವೇ ಆಧಾರ. ಕಾದಂಬರಿಕಾರನೂ ಆಗಿದ್ದ ರೆನ್ ಸ್ವತಃ ಮುಂಬಯಿ ಪ್ರಾಂತದ ಶಿಕ್ಷಣ ಸೇವೆಯಲ್ಲಿದ್ದವನು. ಆ ಪದ್ಧತಿಯಲ್ಲಿ ಕಂಠಪಾಠವೇ ಪ್ರಧಾನವಾಗಿತ್ತು ಎಂಬುದು ನಿಜ. ಆದರೂ ಭಾಷಾಂತರದ ನೆಪದಲ್ಲಿ ಎರಡು ಭಾಷೆಗಳ ವಾಕ್ಯಗಳು ಒಂದೇ ಹಾಳೆಯ ಮೇಲೆ ಮುಖಾಮುಖಿ ಆಗುತ್ತಿದ್ದವು.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರ್ಕಾರ ಐದು, ಆರು, ಏಳನೆಯ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದು ಎಂಟನೆಯ ಇಯತ್ತೆಯಿಂದ ಆರಂಭಿಸಿತು. ಹಳ್ಳಿಯ ಮಗು ಅಕ್ಷರಮಾಲೆಯಿಂದ ಹೊರಟು ‘ವುಡ್ ಹ್ಯಾವ್’ ತನಕ ಕೆಲವೇ ವರ್ಷಗಳಲ್ಲಿ ಓಡಬೇಕಾಯಿತು.

ಇದೇ ಕಾಲದಲ್ಲಿ ನಮ್ಮ ನೆರೆಯ ಸವಣೂರಿನವರೊಬ್ಬರು ಈ ಚರಿತ್ರೆಯೊಳಗೆ ಬರುತ್ತಾರೆ. 1909ರಲ್ಲಿ ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಕವಿಗಳೆಂದೂ ಜ್ಞಾನಪೀಠ ಪುರಸ್ಕೃತರೆಂದೂ ಎಲ್ಲರಿಗೂ ಪರಿಚಿತರು. 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ಅವರು ನಿರ್ದೇಶಕರಾಗಿದ್ದರೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ದೇಶದ ಇಂಗ್ಲಿಷ್ ಅಧ್ಯಾಪಕರನ್ನು ತರಬೇತುಗೊಳಿಸುವ ಸಂಸ್ಥೆಯದು. 1963ರಲ್ಲಿ ಬೆಂಗಳೂರಿನಲ್ಲಿಯೂ ದಕ್ಷಿಣ ಭಾರತಕ್ಕಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಅದೇ ಗೋಕಾಕರು ಮುಂದೆ ಭಾಷಾ ಸಮಿತಿಯ ಅಧ್ಯಕ್ಷರಾಗಿ, 1981ರ ವರದಿಯಲ್ಲಿ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಲ್ಲಬೇಕೆಂದರು. ಇಂಗ್ಲಿಷನ್ನು ಆಳವಾಗಿ ಬಲ್ಲವರೇ ಕನ್ನಡದ ತಳಹದಿಯನ್ನು ಕೇಳಿದರೆಂಬುದು ಗಮನಿಸತಕ್ಕ ಸಂಗತಿ.

ಆ ದಶಕಗಳಲ್ಲಿ ತರಬೇತಿ ಕೇಂದ್ರಗಳಿಂದ ಶಾಲೆಗಳಿಗೆ ಬಂದದ್ದು ರಚನಾ ಪದ್ಧತಿ. ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಅನುಕ್ರಮವಾಗಿ ಜೋಡಿಸಿ, ಸನ್ನಿವೇಶ ತೋರಿಸಿ, ಮತ್ತೆ ಮತ್ತೆ ಹೇಳಿಸುವುದು. ತರಗತಿಯಲ್ಲಿ ಕನ್ನಡ ಆದಷ್ಟು ಕೇಳಿಸಬಾರದು. ಬಿ.ಎಡ್. ಓದುವಾಗ ನಮಗೂ ಇದನ್ನೇ ಬೋಧಿಸಿದ್ದರು. ಕುರ್ಚಿ, ಪೆನ್ನು, ಕಿಟಕಿ ತೋರಿಸಿ ಕಲಿಸಬಹುದು. ಆದರೆ ನಡೆಯದೇ ಹೋದ ಸಂಗತಿಯನ್ನು ಯಾವ ವಸ್ತು ತೋರಿಸಿ ಕಲಿಸುವುದು?

1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ, ಜಗತ್ತಿನಲ್ಲಿ ‘ಬೆಂಗಳೂರು ಯೋಜನೆ’ ಎಂದು ಹೆಸರಾದ ಪ್ರಯೋಗ ಬೇರೊಂದು ದಾರಿ ಹಿಡಿಯಿತು. ವ್ಯಾಕರಣದ ಪಟ್ಟಿಯನ್ನೇ ಬದಿಗಿಟ್ಟು, ರೈಲು ವೇಳಾಪಟ್ಟಿ, ನಕಾಶೆಗಳಂಥ ಸಾಮಗ್ರಿ ಕೊಟ್ಟು ಮಕ್ಕಳಿಂದ ಸಮಸ್ಯೆ ಬಿಡಿಸಿಸುವುದು. ಅರ್ಥದ ಕಡೆ ಮನಸ್ಸಿದ್ದರೆ ವ್ಯಾಕರಣ ತಾನಾಗಿ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. 1985ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಹಳೆಯ ಪದ್ಧತಿಯ ಮಕ್ಕಳು ರಚನೆಗಳ ಪರೀಕ್ಷೆಯಲ್ಲೂ, ಪ್ರಭು ಅವರ ಮಕ್ಕಳು ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲೂ ಮುಂದಿದ್ದರು. ಅಂದರೆ ಯಾವುದನ್ನು ಅಭ್ಯಾಸ ಮಾಡಿಸಿದರೋ ಅದು ಬಂದಿತು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ‘ನಾಳೆ ಮಳೆ ಬಂದರೆ ಬಿತ್ತುತ್ತೇನೆ’ ಎನ್ನುತ್ತೇವೆ. ಈ ‘ಬಂದರೆ’ ಎಂಬುದರೊಳಗೆ ಇರುವುದು ‘ಬಂದ’ ಎಂಬ ಭೂತಕಾಲದ ರೂಪವೇ. ಹೋದ–ಹೋದರೆ, ಮಾಡಿದ–ಮಾಡಿದರೆ. ಹಳಗನ್ನಡದ ‘ಬಂದೊಡೆ’, ನಡುಗನ್ನಡದ ‘ಬಂದಡೆ’ ಇವೂ ಹಾಗೆಯೇ. ನಾಳೆಯ ಮಾತಿಗೆ ಭೂತಕಾಲದ ರೂಪ ಬಳಸುವುದು ಇಂಗ್ಲಿಷರ ವಿಚಿತ್ರವಲ್ಲ; ನಮ್ಮ ಪೂರ್ವಜರು ಸಾವಿರ ವರ್ಷಗಳಿಂದ ಮಾಡುತ್ತ ಬಂದದ್ದೇ. ‘ಕೊಡುತ್ತೇನೆ’ ಎಂಬುದು ‘ಕೊಡುತ್ತಿದ್ದೆ’ ಆದಾಗ ಮಾತು ಕಲ್ಪನೆಗೆ ಹೊರಳುತ್ತದೆ. ‘ವಿಲ್’ ಹೋಗಿ ‘ವುಡ್’ ಬರುವುದೂ ಅದೇ ರೀತಿ.

ತೊಡಕು ಇರುವುದು ಇನ್ನೊಂದು ಕಡೆ. ‘ಹಣವಿದ್ದರೆ ಕೊಡುತ್ತಿದ್ದೆ’ ಎಂಬ ಒಂದೇ ವಾಕ್ಯ ಕನ್ನಡದಲ್ಲಿ ಇಂದಿಗೂ ಸಲ್ಲುತ್ತದೆ, ನಿನ್ನೆಗೂ ಸಲ್ಲುತ್ತದೆ. ಇಂಗ್ಲಿಷ್ ಇದನ್ನು ಎರಡಾಗಿ ಒಡೆಯುತ್ತದೆ: ಇಂದಿಗೆ ‘ವುಡ್ ಗಿವ್’, ನಿನ್ನೆಗೆ ‘ವುಡ್ ಹ್ಯಾವ್ ಗಿವನ್’. ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಇದನ್ನು ಬಿಡಿಸಿ ತೋರಿಸಲು ಹಲಗೆಯ ಒಂದು ಬದಿಗೆ ಕನ್ನಡದ ವಾಕ್ಯ ಬೇಕೇ ಬೇಕು. ಬಂದದ್ದೆಷ್ಟು, ಬಾರದ್ದೆಷ್ಟು ಎಂದು ಮಕ್ಕಳಿಗೆ ತಿಳಿದ ಮೇಲೆ ಅಭ್ಯಾಸ ಮಾಡಿಸುವುದು ಸುಲಭ.

2007–08ರಿಂದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ. ವರ್ಷಗಳು ಹೆಚ್ಚಾದವು, ಒಳ್ಳೆಯದೇ. ಆದರೆ ಇದು ಬರೀ ಅಂಕಗಳ ಮಾತಲ್ಲ. ‘1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗದಿದ್ದರೆ ನಮ್ಮೂರು ಯಾವ ರಾಜ್ಯದಲ್ಲಿರುತ್ತಿತ್ತು?’ ಎಂದು ಕೇಳಬಲ್ಲ ಮಗು ಇತಿಹಾಸವನ್ನು ಬಾಯಿಪಾಠ ಮಾಡದೆ ವಿಚಾರ ಮಾಡುತ್ತದೆ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವ ಶಕ್ತಿ ಅದಕ್ಕೆ ಮನೆಯಲ್ಲೇ ಬಂದಿರುತ್ತದೆ. ಇಂಗ್ಲಿಷಿನಲ್ಲಿಯೂ ಕೇಳುವಂತೆ ಮಾಡುವುದಷ್ಟೇ ಶಿಕ್ಷಕರ ಕೆಲಸ.