ಅಮೆರಿಕನ್ನರ ದೇಶಾಭಿಮಾನ: ಪರದೇಶೀಯರು ಕಂಡಂತೆ

1831ನೆಯ ಇಸವಿ ಜುಲೈ 4ರಂದು ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ಪಟ್ಟಣದಲ್ಲಿ ಸ್ವಾತಂತ್ರ್ಯೋತ್ಸವದ ಮೆರವಣಿಗೆ ಹೊರಟಿತು. ನಾಗರಿಕ ಸೈನ್ಯದವರೂ ನಾನಾ ಕಸುಬುಗಳ ಸಂಘದವರೂ ಅದರಲ್ಲಿ ನಡೆದರು; ಐವತ್ತು ವರ್ಷಗಳ ಹಿಂದೆ ಬ್ರಿಟಿಷರೊಡನೆ ಕಾದಿದ್ದ ಕೆಲವರು ಮುದುಕರು ಗಾಡಿಯಲ್ಲಿ ಕುಳಿತು ಬಂದರು. ಇದನ್ನು ನೋಡಿದವರಲ್ಲಿ ಇಬ್ಬರು ತರುಣ ಫ್ರೆಂಚರಿದ್ದರು: ಅಲೆಕ್ಸಿ ದ ತೋಕ್ವಿಲ್ ಮತ್ತು ಗುಸ್ತಾವ್ ದ ಬೋಮೋಂ. ಅಮೆರಿಕದ ಸೆರೆಮನೆಗಳ ವ್ಯವಸ್ಥೆಯನ್ನು ಪರಿಶೀಲಿಸಿ ವರದಿ ಮಾಡುವುದು ಅವರಿಗೆ ಒಪ್ಪಿಸಿದ್ದ ಕೆಲಸ. ಐರೋಪ್ಯ ರಾಜಧಾನಿಗಳ ವೈಭವವನ್ನು ಕಂಡಿದ್ದ ಅವರಿಗೆ ಉತ್ಸವದ ಬಹುಭಾಗ ನಗೆ ತರಿಸುವಂತಿತ್ತು. ಆದರೆ ಇಗರ್ಜಿಯಲ್ಲಿ 1776ರ ಸ್ವಾತಂತ್ರ್ಯ ಘೋಷಣೆಯನ್ನು ಓದತೊಡಗಿದಾಗ ತೋಕ್ವಿಲನ ಮನಸ್ಸು ಕಲಕಿತು. ಅನಂತರ ವಕೀಲನೊಬ್ಬನು ಎದ್ದು, ಲೋಕದ ರಾಷ್ಟ್ರಗಳನ್ನೆಲ್ಲ ಒಂದೊಂದಾಗಿ ಹಿಂದಿಕ್ಕಿ ತನ್ನ ದೇಶವನ್ನು ಹೊಗಳಿ ಮಾತನಾಡಿ, ಆ ಅನುಭವವನ್ನು ಕೆಡಿಸಿದನು.

ಘೋಷಣೆಯ ಓದು, ವಕೀಲನ ಭಾಷಣ—ಈ ಎರಡೂ ಮುಂದೆ ಸುಮಾರು ನೂರು ವರ್ಷ ಅಮೆರಿಕಕ್ಕೆ ಹೋದ ಪರದೇಶೀಯರ ಬರಹಗಳಲ್ಲಿ ಒಂದಿಲ್ಲೊಂದು ರೂಪದಲ್ಲಿ ಕಾಣಸಿಗುತ್ತವೆ. ಪ್ರವಾಸಿಗಳ ಬರಹ ಇತಿಹಾಸಕಾರನಿಗೆ ಉಪಯುಕ್ತವಾದ, ಆದರೆ ಜಾರುವ ಆಧಾರ. ಕಂಡದ್ದೇನು ಎಂಬುದನ್ನು ತಿಳಿಯುವುದರ ಜೊತೆಗೆ, ಕಂಡವರು ಯಾವ ಅಳತೆಗೋಲನ್ನು ಹಿಡಿದು ಹೋಗಿದ್ದರು ಎಂಬುದನ್ನೂ ವಿಚಾರಿಸಬೇಕಾಗುತ್ತದೆ. ಪ್ರಕೃತ ಲೇಖನದಲ್ಲಿ ನಾನು ಮುಖ್ಯವಾಗಿ ಈ ಎರಡನೆಯ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ.

ತೋಕ್ವಿಲನು 1835ರಲ್ಲಿಯೂ 1840ರಲ್ಲಿಯೂ ಎರಡು ಭಾಗಗಳಾಗಿ ಪ್ರಕಟಿಸಿದ ‘ಅಮೆರಿಕದಲ್ಲಿ ಪ್ರಜಾಪ್ರಭುತ್ವ’ ಎಂಬ ಗ್ರಂಥದಲ್ಲಿ ದೇಶಾಭಿಮಾನವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ಒಂದು, ಹುಟ್ಟಿದ ನೆಲ, ಹಿರಿಯರ ನೆನಪು, ರಾಜಭಕ್ತಿ ಇವುಗಳಿಂದ ತಾನಾಗಿ ಬರುವಂಥದು. ಇನ್ನೊಂದು, ಆಡಳಿತದಲ್ಲಿ ಪಾಲು ದೊರೆತು, ದೇಶದ ಏಳಿಗೆಯಲ್ಲಿ ತನ್ನ ಏಳಿಗೆಯನ್ನು ಕಂಡುಕೊಂಡು ವಿಚಾರದಿಂದ ಬೆಳೆಯುವಂಥದು. ನಿನ್ನೆ ಮೊನ್ನೆ ವಲಸೆ ಬಂದ ಜನರಲ್ಲಿ ಮೊದಲನೆಯದಕ್ಕೆ ಆಸ್ಪದ ಕಡಮೆ. ಆದ್ದರಿಂದ ಅಮೆರಿಕನ್ನರದು ಎರಡನೆಯ ಬಗೆ. ಇದರಿಂದ ಆತನು ತೆಗೆದ ಅನುಮಾನ ಸ್ವಾರಸ್ಯವಾಗಿದೆ. ರಾಜ್ಯ ರಾಜನದಾಗಿದ್ದಲ್ಲಿ ಅದನ್ನು ಹಳಿದರೆ ಪ್ರಜೆಗೆ ನೋವಾಗಬೇಕಾದದ್ದಿಲ್ಲ. ರಾಜ್ಯ ತನ್ನದೇ ಕೆಲಸವೆಂದು ತಿಳಿದವನಿಗೆ ಅದರ ನಿಂದೆ ತನ್ನ ನಿಂದೆಯೇ ಆಗುತ್ತದೆ. ಹೊರಗಿನವನು ಒಂದು ಸಣ್ಣ ಲೋಪವನ್ನು ಎತ್ತಿ ತೋರಿದರೂ ಅಮೆರಿಕನ್ನರು ಸಹಿಸುವುದಿಲ್ಲವೆಂದು ತೋಕ್ವಿಲನು ಬೇಸರಪಟ್ಟುಕೊಂಡಿದ್ದಾನೆ. ಇದನ್ನು ನಾವು ಸಿಡುಕಿನ ದೇಶಾಭಿಮಾನವೆಂದು ಕರೆಯಬಹುದು.

ಸಿಡುಕಿಗೆ ಕಾರಣಗಳೂ ಇದ್ದುವು. 1814ರ ಆಗಸ್ಟ್ ತಿಂಗಳಲ್ಲಿ ಬ್ರಿಟಿಷ್ ಸೈನ್ಯ ವಾಷಿಂಗ್ಟನ್ ನಗರಕ್ಕೆ ನುಗ್ಗಿ ಸರ್ಕಾರದ ಸೌಧಗಳಿಗೆ ಬೆಂಕಿಯಿಟ್ಟ ನೆನಪು ಮಾಸಿರಲಿಲ್ಲ. ಅಮೆರಿಕನ್ನರು ಬರೆದ ಪುಸ್ತಕವನ್ನು ಲೋಕದಲ್ಲಿ ಯಾರು ತಾನೆ ಓದುತ್ತಾರೆಂದು ಸಿಡ್ನಿ ಸ್ಮಿತ್ 1820ರಲ್ಲಿ ‘ಎಡಿನ್‌ಬರೊ ರಿವ್ಯೂ’ ಪತ್ರಿಕೆಯಲ್ಲಿ ಮೂದಲಿಸಿದ್ದನು. 1829ರಲ್ಲಿ ಪ್ರಕಟವಾದ ಕ್ಯಾಪ್ಟನ್ ಬೇಸಿಲ್ ಹಾಲನ ಪ್ರವಾಸಗ್ರಂಥವಂತೂ ದೊಡ್ಡ ಗುಲ್ಲನ್ನೇ ಎಬ್ಬಿಸಿತು. ಆ ಗುಲ್ಲನ್ನು ಕಣ್ಣಾರೆ ಕಂಡು, ಅದರ ಬಗೆಗೇ ಒಂದು ಅಧ್ಯಾಯವನ್ನು ಬರೆದವಳು ಫ್ರಾನ್ಸೆಸ್ ಟ್ರಾಲಪ್.

ಈಕೆ 1827ರ ಕೊನೆಯಲ್ಲಿ ಅಮೆರಿಕಕ್ಕೆ ಬಂದು, ಸಿನ್ಸಿನಾಟಿ ನಗರದಲ್ಲಿ ಒಂದು ದೊಡ್ಡ ವ್ಯಾಪಾರ ಮಳಿಗೆಯನ್ನು ಕಟ್ಟಿಸಿ, ಕೈಸುಟ್ಟುಕೊಂಡು 1831ರಲ್ಲಿ ಹಿಂದಿರುಗಿದಳು. ಮರುವರ್ಷ ಆಕೆ ಪ್ರಕಟಿಸಿದ ‘ಅಮೆರಿಕನ್ನರ ಗೃಹಾಚಾರಗಳು’ ಎಂಬ ಗ್ರಂಥ ಎರಡು ಖಂಡಗಳಲ್ಲಿಯೂ ಬಿಸಿಬಿಸಿಯಾಗಿ ಖರ್ಚಾಯಿತು. ಗಂಡಸರು ಕಂಡಕಂಡಲ್ಲಿ ತಂಬಾಕು ಉಗುಳುವುದು, ಮಾತಿಲ್ಲದೆ ಗಬಗಬನೆ ಉಣ್ಣುವುದು, ನಾಟಕಶಾಲೆಯಲ್ಲಿ ಕಾಲುಗಳನ್ನು ಮೇಲೆತ್ತಿ ಕೂರುವುದು, ತಮ್ಮ ದೇಶವೇ ದೇಶವೆನ್ನುವುದು—ಇವೆಲ್ಲ ಅಲ್ಲಿ ಸವಿಸ್ತಾರವಾಗಿ ಬಂದಿವೆ. ಆಕೆಯನ್ನು ಅಮೆರಿಕನ್ನರು ವಾಚಾಮಗೋಚರವಾಗಿ ಬೈದರು. ಆದರೆ ನಾಟಕಶಾಲೆಯಲ್ಲಿ ಯಾರಾದರೂ ಕಾಲೆತ್ತಿ ಕುಳಿತರೆ ಉಳಿದವರು “ಟ್ರಾಲಪ್! ಟ್ರಾಲಪ್!” ಎಂದು ಕೂಗುವ ರೂಢಿಯೂ ಆಗ ಹುಟ್ಟಿತು. ಬೈದುಕೊಂಡೇ ಪಾಠ ಕಲಿತರೆಂದು ಹೇಳಬೇಕು.

ಟ್ರಾಲಪಳ ಅಳತೆಗೋಲು ಇಂಗ್ಲಿಷ್ ಮಧ್ಯಮವರ್ಗದ ದಿವಾನಖಾನೆಯದು. ಪಾರ್ಲಿಮೆಂಟಿನ ಸುಧಾರಣೆಯ ಶಾಸನಕ್ಕಾಗಿ ಇಂಗ್ಲೆಂಡಿನಲ್ಲಿ ಜಟಾಪಟಿ ನಡೆಯುತ್ತಿದ್ದ 1832ರಲ್ಲಿ ಪುಸ್ತಕ ಹೊರಬಿದ್ದಿತೆಂಬುದನ್ನು ಮರೆಯಬಾರದು. ಸಮಾನತೆಯನ್ನು ಒಪ್ಪಿಕೊಂಡರೆ ನಮ್ಮ ಗತಿಯೂ ಹೀಗೆಯೇ ಎಂಬ ಎಚ್ಚರಿಕೆ ಅದರ ಸಾಲುಗಳ ನಡುವೆ ಅಡಗಿದೆ. ಹೀಗಿದ್ದರೂ ಸ್ವಾತಂತ್ರ್ಯದ ಗುಣಗಾನ ಮಾಡುವ ಜನರೇ ಗುಲಾಮರ ಬೆನ್ನಿಗೆ ಚಾವಟಿ ಬೀಸುವುದನ್ನೂ, ಮೂಲನಿವಾಸಿಗಳನ್ನು ಅವರ ನೆಲದಿಂದ ಅಟ್ಟುವುದನ್ನೂ ಆಕೆ ನೋಡಿ ಬರೆದಳು. ಮೂಲನಿವಾಸಿಗಳನ್ನು ಸಾಗಹಾಕುವ ಶಾಸನ ಬಂದದ್ದು 1830ರಲ್ಲಿ. 1831ರ ಚಳಿಗಾಲದಲ್ಲಿ ಮೆಂಫಿಸ್ ಬಳಿ ಚಾಕ್ಟಾ ಜನ ಮುದುಕರನ್ನೂ ಹಸುಗೂಸುಗಳನ್ನೂ ಕಟ್ಟಿಕೊಂಡು ಮಿಸಿಸಿಪಿ ನದಿಯನ್ನು ದಾಟುತ್ತಿದ್ದುದನ್ನು ತೋಕ್ವಿಲನೂ ಕಂಡಿದ್ದನು. ಆಡಳಿತದಲ್ಲಿ ಪಾಲಿರುವುದರಿಂದ ದೇಶಾಭಿಮಾನ ಬೆಳೆಯುತ್ತದೆಂಬ ಆತನ ಸಿದ್ಧಾಂತಕ್ಕೆ, ಪಾಲೇ ಇಲ್ಲದವರ ಈ ದೃಶ್ಯ ಒಂದು ಪ್ರಶ್ನೆಯಾಗಿಯೇ ಉಳಿಯಿತು.

ಆ ಪ್ರಶ್ನೆಯನ್ನು ನೇರವಾಗಿ ಕೇಳಿದವಳು ಹ್ಯಾರಿಯೆಟ್ ಮಾರ್ಟಿನೋ. ನನ್ನ ಅಭಿಪ್ರಾಯದಲ್ಲಿ ಆ ಕಾಲದ ಇಂಗ್ಲಿಷ್ ಪ್ರವಾಸಿಗಳಲ್ಲೆಲ್ಲ ಈಕೆಯದೇ ಮೇಲಾದ ಗ್ರಂಥ. ಆದರೆ ನಮ್ಮ ಕಾಲೇಜುಗಳಲ್ಲಿ ಈಕೆಯ ಹೆಸರು ಕೇಳಿಬರುವುದು ವಿರಳ. ಕಿವಿ ಸರಿಯಾಗಿ ಕೇಳದೆ, ಕಹಳೆಯಂಥ ಒಂದು ಉಪಕರಣವನ್ನು ಕಿವಿಗಿಟ್ಟುಕೊಂಡು ಈಕೆ 1834ರಿಂದ 1836ರ ವರೆಗೆ ಅಮೆರಿಕದಲ್ಲೆಲ್ಲ ಸುತ್ತಿದಳು. 1837ರ ಆಕೆಯ ‘ಅಮೆರಿಕದ ಸಮಾಜ’ ಎಂಬ ಗ್ರಂಥದ ಕ್ರಮ ಸರಳವಾದುದು: ಇಂಗ್ಲೆಂಡಿನೊಡನೆ ಹೋಲಿಸುವುದನ್ನು ಬಿಟ್ಟು, ಅಮೆರಿಕನ್ನರು ತಾವೇ ಸಾರಿಕೊಂಡ ತತ್ತ್ವಗಳೊಡನೆ ಅವರ ನಡವಳಿಕೆಯನ್ನು ಹೋಲಿಸುವುದು. ಆಳಿಸಿಕೊಳ್ಳುವವರ ಸಮ್ಮತಿಯಿಂದಲೇ ಸರ್ಕಾರಕ್ಕೆ ಅಧಿಕಾರವೆಂದು ಘೋಷಣೆ ಹೇಳುತ್ತದೆ. ಹಾಗಾದರೆ ಸ್ತ್ರೀಯರ ಸಮ್ಮತಿಯನ್ನು ಯಾರು ಕೇಳಿದರು? ಗುಲಾಮರ ಸಮ್ಮತಿಯನ್ನು? 1835ರಲ್ಲಿ ಬಾಸ್ಟನ್ನಿನ ಸ್ತ್ರೀಯರ ಸಭೆಯೊಂದರಲ್ಲಿ ಗುಲಾಮಗಿರಿಯ ವಿರುದ್ಧ ನಾಲ್ಕು ಮಾತನಾಡಿದ್ದಕ್ಕೆ ಪತ್ರಿಕೆಗಳು ಆಕೆಯನ್ನು ಹೀನಾಯವಾಗಿ ನಿಂದಿಸಿದುವು. ಟ್ರಾಲಪಳ ಹಾಸ್ಯಕ್ಕಿಂತ ಮಾರ್ಟಿನೋಳ ಪ್ರಶ್ನೆ ಹೆಚ್ಚು ಚುಚ್ಚುವಂಥದು, ಏಕೆಂದರೆ ಅಳತೆಗೋಲು ಅಮೆರಿಕನ್ನರದೇ.

ಡಿಕನ್ಸನ ಕಥೆ ಎಲ್ಲರಿಗೂ ತಿಳಿದದ್ದು, ಸಂಗ್ರಹವಾಗಿ ಹೇಳಬಹುದು. 1842ರಲ್ಲಿ ಆ ಗಣರಾಜ್ಯದ ಅಭಿಮಾನಿಯಾಗಿಯೇ ಹೋದನು. ತನ್ನ ಪುಸ್ತಕಗಳನ್ನು ಅಲ್ಲಿ ಬಿಡಿಕಾಸೂ ಕೊಡದೆ ಅಚ್ಚುಹಾಕುತ್ತಿದ್ದುದನ್ನು ಎತ್ತಿ ಆಡಿದಾಗ ಪತ್ರಿಕೆಗಳು ತಿರುಗಿಬಿದ್ದುವು. (ಪರದೇಶದ ಲೇಖಕರ ಹಕ್ಕನ್ನು ಅಮೆರಿಕ ಮಾನ್ಯಮಾಡಿದ್ದು 1891ರಲ್ಲಿ.) ಆತನ ಪ್ರವಾಸಗ್ರಂಥದಲ್ಲಿ ಗುಲಾಮಗಿರಿಯನ್ನು ಕುರಿತ ಅಧ್ಯಾಯ ಗಮನಾರ್ಹವಾದುದು. ತಪ್ಪಿಸಿಕೊಂಡು ಓಡಿದ ಗುಲಾಮರನ್ನು ಮೈಮೇಲಿನ ಬರೆ, ಸಂಕೋಲೆಯ ಗುರುತು, ಕತ್ತರಿಸಿದ ಕಿವಿಗಳಿಂದ ಗುರುತಿಸಬೇಕೆಂದು ಯಜಮಾನರು ಅಮೆರಿಕದ ಪತ್ರಿಕೆಗಳಲ್ಲಿ ಕೊಟ್ಟ ಜಾಹೀರಾತುಗಳನ್ನೇ ಆತನು ಒಂದರ ಕೆಳಗೊಂದು ಜೋಡಿಸಿಟ್ಟನು. 1868ರ ಏಪ್ರಿಲಿನಲ್ಲಿ, ಎರಡನೆಯ ಪ್ರವಾಸದ ಕೊನೆಗೆ, ನ್ಯೂಯಾರ್ಕಿನ ಔತಣವೊಂದರಲ್ಲಿ ಆತನು ಈ ಜನದಲ್ಲಿ ಆಗಿರುವ ಒಳ್ಳೆಯ ಮಾರ್ಪಾಟನ್ನೂ ತನಗೆ ದೊರೆತ ಸೌಜನ್ಯವನ್ನೂ ಕೊಂಡಾಡಿ, ಅಮೆರಿಕವನ್ನು ಕುರಿತ ತನ್ನ ಎರಡು ಪುಸ್ತಕಗಳಿಗೂ ಆ ಮಾತನ್ನು ಅನುಬಂಧವಾಗಿ ಸೇರಿಸುವುದಾಗಿ ವಚನವಿತ್ತನು, ಹಾಗೆಯೇ ನಡೆದುಕೊಂಡನು. ಆ ವೇಳೆಗೆ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಗಿತ್ತು.

ಮುಂದೆ ಜೇಮ್ಸ್ ಬ್ರೈಸ್ 1888ರಲ್ಲಿ ತನ್ನ ಬೃಹದ್ಗ್ರಂಥವನ್ನು ಪ್ರಕಟಿಸುವಾಗ, ನಮ್ಮ ಸಂಸ್ಥೆಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು ಎಂದು ಪ್ರತಿಯೊಬ್ಬ ಅಮೆರಿಕನ್ನನೂ ಪ್ರವಾಸಿಯನ್ನು ಕೇಳುವ ವಾಡಿಕೆಯಿಂದಲೇ ಆರಂಭಿಸುತ್ತಾನೆ. ಪ್ರಶ್ನೆ ಉಳಿದಿತ್ತು, ಸಿಡುಕು ತಗ್ಗಿತ್ತು. ಅದೇ ಕಾಲಕ್ಕೆ ಬಾವುಟದ ಪೂಜೆ ಬೆಳೆಯಿತು. ಶಾಲೆಯ ಮಕ್ಕಳು ಬಾವುಟದ ಮುಂದೆ ನಿಂತು ಹೇಳುವ ಪ್ರತಿಜ್ಞೆ 1892ರದು. ವಲಸೆಗಾರರ ಮಕ್ಕಳನ್ನು ಅಮೆರಿಕನ್ನರನ್ನಾಗಿ ಮಾಡುವ ಆತುರ ಅದರ ಹಿಂದಿತ್ತು.

ಇಷ್ಟು ಹೊತ್ತೂ ನೋಡುವವರು ಐರೋಪ್ಯರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಭಾರತೀಯರ ಕಣ್ಣೂ ಅಮೆರಿಕದ ಮೇಲೆ ಬಿದ್ದಿತು. ಪಶ್ಚಿಮ ಘಟ್ಟಗಳ ಗಂಗಾಮೂಲದಲ್ಲಿ, ಅಂದರೆ ನಮ್ಮ ನಾಡಿನಲ್ಲಿಯೇ, 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು 1886ರಲ್ಲಿ ಅಮೆರಿಕಕ್ಕೆ ಹೋಗಿ, ಸುಮಾರು ಎರಡೂವರೆ ವರ್ಷ ಸಂಚರಿಸಿ, 1889ರಲ್ಲಿ ಮರಾಠಿಯಲ್ಲಿ ಅಲ್ಲಿಯ ಜನಸ್ಥಿತಿಯನ್ನು ಕುರಿತು ಒಂದು ಗ್ರಂಥವನ್ನು ಬರೆದರು. ಬ್ರಿಟಿಷರ ಆಳ್ವಿಕೆಯನ್ನು ಕಿತ್ತೊಗೆದ ಜನ ಎಂಬುದೇ ಒಂದು ಅಧೀನ ದೇಶದ ಲೇಖಕಿಗೆ ಮೊದಲು ಕಂಡ ಸಂಗತಿ. ಟ್ರಾಲಪಳಿಗೆ ಒರಟುತನವಾಗಿ ತೋರಿದ್ದು ಇವರಿಗೆ ಸ್ವಾವಲಂಬನವಾಗಿ ತೋರಿತು. ಸ್ತ್ರೀಯರು ತಾವೇ ಸಂಘಗಳನ್ನು ಕಟ್ಟಿ ನಡೆಸುವುದನ್ನು ಅವರು ಮನಸಾರೆ ಮೆಚ್ಚಿದರು, ವರ್ಣದ್ವೇಷವನ್ನು ಮೆಚ್ಚಲಿಲ್ಲ. 1898ರಲ್ಲಿ ಸ್ವಾಮಿ ವಿವೇಕಾನಂದರು ಕಾಶ್ಮೀರದಲ್ಲಿದ್ದಾಗ, ಜೊತೆಗಿದ್ದ ಅಮೆರಿಕನ್ ಶಿಷ್ಯೆಯರಿಗೆ ತಿಳಿಯದಂತೆ ಜುಲೈ 4ರ ಉತ್ಸವವನ್ನು ಏರ್ಪಡಿಸಿದರು. ನಕ್ಷತ್ರ ಪಟ್ಟೆಗಳ ಬಾವುಟವನ್ನು ಎಂದೂ ಕಂಡಿರದ ದರ್ಜಿಯೊಬ್ಬನು ಅದನ್ನು ಹೊಲಿಯಲು ಪಟ್ಟ ಪೇಚಾಟವನ್ನು ಸೋದರಿ ನಿವೇದಿತಾ ದಾಖಲೆ ಮಾಡಿದ್ದಾರೆ. ಪರರ ಸ್ವಾತಂತ್ರ್ಯದಿನವನ್ನು ದಾಸ್ಯದಲ್ಲಿದ್ದ ದೇಶದ ಸಂನ್ಯಾಸಿ ಆಚರಿಸಿದ್ದು ಕೇವಲ ಅತಿಥಿಸತ್ಕಾರವಲ್ಲವೆಂದು ನನಗೆ ತೋರುತ್ತದೆ.

ಆ ಸ್ವಾತಂತ್ರ್ಯದಲ್ಲಿ ಪಾಲು ಕೇಳಿದ ಭಾರತೀಯನಿಗೆ ದೊರೆತ ಉತ್ತರವೇನು? ಭಗತ್ ಸಿಂಗ್ ಥಿಂದ್ 1918ರಲ್ಲಿ ಅಮೆರಿಕದ ಸೈನ್ಯವನ್ನು ಸೇರಿ, ಗೌರವದಿಂದ ಬಿಡುಗಡೆ ಹೊಂದಿ, 1920ರಲ್ಲಿ ಆರಿಗನ್ ಸಂಸ್ಥಾನದಲ್ಲಿ ಪೌರತ್ವವನ್ನು ಪಡೆದರು. 1923ರ ಫೆಬ್ರವರಿ 19ರಂದು ಸುಪ್ರೀಮ್ ಕೋರ್ಟು, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಹಿಂದೂಸ್ತಾನದವರು ‘ಬಿಳಿಯರು’ ಅಲ್ಲವಾದ್ದರಿಂದ ಅವರಿಗೆ ಪೌರತ್ವದ ಅರ್ಹತೆ ಇಲ್ಲವೆಂದು ತೀರ್ಪಿತ್ತಿತು. ತೀರ್ಪನ್ನು ಬರೆದ ನ್ಯಾಯಾಧೀಶ ಜಾರ್ಜ್ ಸದರ್ಲ್ಯಾಂಡ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಬಂದವನು. ದೇಶಾಭಿಮಾನ ವಿಚಾರದಿಂದ ಬೆಳೆಯುವುದೆಂದು ತೋಕ್ವಿಲನು ಹೇಳಿದ್ದನು. ಇಲ್ಲಿ ಸೈನ್ಯದಲ್ಲಿ ದುಡಿದವನನ್ನೂ ಮೈಬಣ್ಣದಿಂದ ಅಳೆಯಲಾಯಿತು. ಭಾರತೀಯರಿಗೆ ಆ ಹಕ್ಕು ಶಾಸನದ ಮೂಲಕ ದೊರೆತದ್ದು 1946ರಲ್ಲಿ.

ಇನ್ನು ನಮ್ಮ ಕಡೆಗೆ ತಿರುಗಬೇಕು. ತರಗತಿಯಲ್ಲಿ ಟ್ರಾಲಪಳ ವರ್ಣನೆಗಳನ್ನು ಹೇಳುವಾಗ ವಿದ್ಯಾರ್ಥಿಗಳು ಮನಸಾರೆ ನಗುತ್ತಾರೆ. ಅಮೆರಿಕನ್ನರು ಇಷ್ಟಕ್ಕೇ ಏಕೆ ಸಿಡುಕಬೇಕಿತ್ತೆಂದು ಕೇಳುತ್ತಾರೆ. ಅದೇ ಗಂಟೆಯಲ್ಲಿ ಕ್ಯಾಥರಿನ್ ಮೇಯೊಳ ಹೆಸರನ್ನೆತ್ತಿದರೆ ನಗೆ ಮಾಯವಾಗುತ್ತದೆ. ಈ ಅಮೆರಿಕನ್ ಲೇಖಕಿಯ ‘ಮದರ್ ಇಂಡಿಯಾ’ 1927ರಲ್ಲಿ ಪ್ರಕಟವಾದಾಗ ದೇಶದಲ್ಲೆಲ್ಲ ಎದ್ದ ಕೋಲಾಹಲ ಸಿನ್ಸಿನಾಟಿಯ ಕೋಲಾಹಲವನ್ನು ಮೀರಿಸಿತು. ಭಾರತೀಯರು ಸ್ವರಾಜ್ಯಕ್ಕೆ ಅನರ್ಹರೆಂದು ತೋರಿಸುವುದೇ ಆ ಪುಸ್ತಕದ ಗುರಿ. ಆಕೆಗೆ ಬ್ರಿಟಿಷ್ ಅಧಿಕಾರಿಗಳ ನೆರವಿತ್ತೆಂಬುದು ಅನಂತರದ ಸಂಶೋಧನೆಯಿಂದ ಸ್ಪಷ್ಟಪಟ್ಟಿದೆ. ಆದುದರಿಂದ ನಮ್ಮ ಕೋಪ ನ್ಯಾಯವಾದುದೇ. ಆದರೂ ಗಾಂಧಿಯವರು ಪುಸ್ತಕವನ್ನು ಅಸತ್ಯವೆಂದು ಖಂಡಿಸಿ, ಅಮೆರಿಕನ್ನರೂ ಇಂಗ್ಲಿಷರೂ ಇದನ್ನು ಓದಬಾರದು, ಭಾರತೀಯರು ಮಾತ್ರ ಓದಿ ಪ್ರಯೋಜನ ಪಡೆಯಬಹುದು ಎಂಬ ಅರ್ಥದಲ್ಲಿ ಬರೆದರು. ಬಾಲ್ಯವಿವಾಹವನ್ನು ನಿರ್ಬಂಧಿಸುವ 1929ರ ಶಾಸನಕ್ಕಾಗಿ ಹೋರಾಡಿದ ನಮ್ಮ ಮಹಿಳಾ ಸಂಘಗಳು ಈ ಗಲಭೆಯನ್ನೇ ಒಂದು ಅವಕಾಶವಾಗಿ ಬಳಸಿಕೊಂಡುವು.

ಮೇಯೊಳಿಗೆ ಬಂದ ಉತ್ತರಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿವೆ. ಲಾಲಾ ಲಜಪತರಾಯರು 1914ರಿಂದ ಕೆಲವು ವರ್ಷ ಅಮೆರಿಕದಲ್ಲಿದ್ದು, 1916ರಲ್ಲಿ ಆ ದೇಶವನ್ನು ಕುರಿತು ಗ್ರಂಥ ಬರೆದವರು. ಅಲ್ಲಿಯ ಶಿಕ್ಷಣವನ್ನು ಮೆಚ್ಚಿ, ವರ್ಣಭೇದವನ್ನು ನಮ್ಮ ಜಾತಿಭೇದದ ಪಕ್ಕದಲ್ಲಿಟ್ಟು ನೋಡಿದವರು. 1928ರ ‘ಅನ್‌ಹ್ಯಾಪಿ ಇಂಡಿಯಾ’ದಲ್ಲಿ ಅವರು ಕರಿಯ ಜನರನ್ನು ಗುಂಪುಗೂಡಿ ಕೊಲ್ಲುತ್ತಿದ್ದ ಅಮೆರಿಕದ ದಾಖಲೆಗಳನ್ನು ಪುಟಪುಟವಾಗಿ ಎದುರಿಟ್ಟರು. ಮೊದಲ ಪುಸ್ತಕದಲ್ಲಿ ಕಲಿಯುವವನ ಕುತೂಹಲವಿದೆ, ಎರಡನೆಯದರಲ್ಲಿ ನೊಂದವನ ವಾದವಿದೆ. ಬರೆದವರು ಒಬ್ಬರೇ ಆದುದರಿಂದ ಎರಡನ್ನೂ ಒಟ್ಟಿಗೆ ಓದುವುದು ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತ.

ಇನ್ನೊಂದು ಉತ್ತರ ಕ್ಯಾಲಿಫೋರ್ನಿಯದಿಂದ ಬಂದಿತು. ಅಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದು ಬೇಸಾಯಕ್ಕೆ ಇಳಿದಿದ್ದ ದಲೀಪ್ ಸಿಂಗ್ ಸೌಂಡ್ 1930ರಲ್ಲಿ ‘ಮೈ ಮದರ್ ಇಂಡಿಯಾ’ ಎಂಬ ಪುಸ್ತಕವನ್ನು ಬರೆದರು. ಸ್ಟಾಕ್ಟನ್ನಿನ ಸಿಖ್ ಸಂಘ ಅದನ್ನು ಪ್ರಕಟಿಸಿತು. ಆಗ ಅವರಿಗೆ ಅಮೆರಿಕದ ಪೌರತ್ವವಿರಲಿಲ್ಲ, ಪಡೆಯುವ ದಾರಿಯೂ ಇರಲಿಲ್ಲ. 1949ರಲ್ಲಿ ಪೌರರಾಗಿ, 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಚುನಾಯಿತರಾದ ಮೊದಲನೆಯ ಭಾರತೀಯರು ಅವರೇ. ಮರುವರ್ಷ ಅವರು ಅಮೆರಿಕದ ಪ್ರತಿನಿಧಿಯಾಗಿ ಏಷ್ಯದಲ್ಲಿ ಸಂಚರಿಸಿ ಭಾರತಕ್ಕೂ ಬಂದರು. ತಮ್ಮ ಆಯ್ಕೆಯೇ ಆ ದೇಶದ ಪ್ರಜಾಪ್ರಭುತ್ವಕ್ಕೆ ಸಾಕ್ಷಿಯೆಂದು ಹೇಳಿಕೊಳ್ಳುವುದು ಆ ಪ್ರವಾಸದ ಉದ್ದೇಶಗಳಲ್ಲೊಂದು. ಅದೇ 1957ರ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್ ಪಟ್ಟಣದ ಶಾಲೆಯೊಂದಕ್ಕೆ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳನ್ನು ಸೇರಿಸಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನು ಕಳುಹಿಸಬೇಕಾಗಿ ಬಂದಿತ್ತು.